ಟೆರಿಪಾರಟೈಡ್ ಪೆನ್: ಎಲುಬು ಕಟ್ಟುವ ಮದ್ದು, ಕಾಸರಗೋಡಿನ ಮಳೆಗಾಲದಲ್ಲಿ

ಎಲುಬು ಟೊಳ್ಳಾಗಿ ಬೆನ್ನುಮೂಳೆ ಕುಸಿದವರಿಗೆ ಕೊಡುವ ಮದ್ದುಗಳಲ್ಲಿ ಹೆಚ್ಚಿನವು ಎಲುಬು ಕರಗದಂತೆ ತಡೆಯುತ್ತವೆ. ಪೆನ್ನಿನಂಥ ಸಾಧನದಿಂದ ಚುಚ್ಚಿಕೊಳ್ಳುವ ಟೆರಿಪಾರಟೈಡ್ ಹೊಸ ಎಲುಬನ್ನೇ ಕಟ್ಟಿಸುತ್ತದೆ. ಆ ಒಂದು ಗುಣಕ್ಕೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮದ್ದು. ಆದರೆ ಬದಿಯಡ್ಕ, ಮುಳ್ಳೇರಿಯದ ಕಡೆ ಜೋರು ಮಳೆಗೆ ಕರೆಂಟು ಹೋದಾಗ ಇದನ್ನು ಜೋಪಾನ ಮಾಡುವುದು ಗೊತ್ತಿರಬೇಕು.

ಕುತ್ತಿಗೆಯ ಪುಟ್ಟ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನಿನಲ್ಲಿ 84 ಅಮೈನೋ ಆಮ್ಲಗಳಿವೆ. ಪೆನ್ನಿನಲ್ಲಿರುವುದು ಮೊದಲ 34ರ ತುಂಡು. ಎಲುಬು ಕಟ್ಟುವ ಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳನ್ನು ಇದು ಕೆಲಸಕ್ಕೆ ಹಚ್ಚುತ್ತದೆ. ಎಲುಬಿನೊಳಗೆ ಹುದುಗಿರುವ ಕೋಶಗಳಿಂದ ಬರುವ ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನು, ಎಲುಬು ಕಟ್ಟಲು ಕೋಶಗಳಿಗೆ ಹೇಳುವ ವಿಂಟ್ ಸಂಕೇತವನ್ನು ಅದುಮಿಡುತ್ತದೆ. ಮದ್ದು ಆ ಸ್ಕ್ಲಿರೋಸ್ಟಿನನ್ನೂ ತಗ್ಗಿಸುತ್ತದೆ. ಇದೇ ಹಾರ್ಮೋನು ದಿನವಿಡೀ ಏರಿಯೇ ಇದ್ದರೆ ಫಲ ತಿರುಗಾಮುರುಗಾ: ರ್ಯಾಂಕ್‌ಎಲ್ ಪ್ರೋಟೀನು ಹೆಚ್ಚಿ ಎಲುಬು ಕರಗಿಸುವ ಕೋಶಗಳು ಬಲಿಯುತ್ತವೆ. ಅದಕ್ಕೇ ದಿನಕ್ಕೆ ಒಂದೇ ಸಲ, 20 ಮೈಕ್ರೋಗ್ರಾಂ. ನಿನ್ನೆ ತಪ್ಪಿತೆಂದು ಇಂದು ಎರಡು ಚುಚ್ಚಬಾರದು.

ತೊಡೆಗೆ ಇಲ್ಲವೇ ಹೊಟ್ಟೆಯ ಚರ್ಮದಡಿಗೆ, ಪ್ರತಿ ಸಲ ಹೊಸ ಸೂಜಿಯಲ್ಲಿ. ಒಂದು ಡೋಸೆಂದರೆ 80 ಮೈಕ್ರೋಲೀಟರ್, ಹೆಚ್ಚುಕಡಿಮೆ ಒಂದೂವರೆ ಹನಿ. ಗುಂಡಿ ಒತ್ತಿದ ಕೂಡಲೇ ಸೂಜಿ ಎಳೆದರೆ ಮದ್ದು ಚರ್ಮದ ಮೇಲೆಯೇ ಜಿನುಗುತ್ತದೆ. ನಿಧಾನವಾಗಿ ಐದು ಎಣಿಸಿ ಎಳೆಯಿರಿ. ಸೂಜಿಯನ್ನು ಪೆನ್ನಿಗೆ ಸಿಕ್ಕಿಸಿಯೇ ಇಟ್ಟರೆ ಗಾಳಿಗುಳ್ಳೆ ಸೇರುತ್ತದೆ. ಮೊದಲ ಕೆಲವು ಡೋಸ್‌ಗಳಲ್ಲಿ ಬಿಪಿ ಇಳಿದು ತಲೆ ತಿರುಗುವುದುಂಟು, ಆದ್ದರಿಂದ ಕೂತೇ ಚುಚ್ಚಿಕೊಳ್ಳಿ. ಎಲುಬು ಸವೆದವರು ಬಿದ್ದರೆ ಮತ್ತೊಂದು ಮುರಿತ.

ಇಡುವುದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿಗೆ ತಾಗಿಸಿಟ್ಟು ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯಬೇಡಿ. ಮಂಗಳೂರಿನಿಂದ ತರುವಾಗ ಐಸ್‌ಪ್ಯಾಕಿಗೆ ಬಟ್ಟೆ ಸುತ್ತಿ, ಪೆನ್ ನೇರ ತಾಗದಂತೆ ಥರ್ಮೋಕೋಲ್ ಡಬ್ಬಿಯಲ್ಲಿಡಿ.

ಬಳಸತೊಡಗಿ 28 ದಿನಕ್ಕೆ ಪೆನ್ನಿನ ಅವಧಿ ಮುಗಿಯಿತು. 2.4 ಮಿಲಿಯ ಪೆನ್ನಿನಲ್ಲಿ 600 ಮೈಕ್ರೋಗ್ರಾಂ ಇದ್ದು 560 ಮಾತ್ರ ಖರ್ಚಾಗುವುದರಿಂದ ಒಳಗೆ ಮದ್ದು ಉಳಿದಿರುತ್ತದೆ. ಇಷ್ಟು ದುಬಾರಿಯದು ಹಾಳಾಗುತ್ತದಲ್ಲಾ ಎಂದು ಸಂಕಟವಾಗುವುದು ಸಹಜ, ಆದರೂ ಬಳಸಬೇಡಿ.

ಎಲುಬಿಗೆ ರೇಡಿಯೇಷನ್ ಆದವರಿಗೆ, ಎಲುಬಿನ ಕ್ಯಾನ್ಸರ್ ಇದ್ದವರಿಗೆ, ಇನ್ನೂ ಬೆಳೆಯುವ ಮಕ್ಕಳಿಗೆ ಇದು ಬೇಡ. ಮೂತ್ರದಲ್ಲಿ ಕಲ್ಲಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಸಾಮಾನ್ಯವಾಗಿ ಎರಡು ವರ್ಷಕ್ಕೆ ನಿಲ್ಲಿಸುತ್ತಾರೆ. ಅಲ್ಲಿಗೆ ಸುಮ್ಮನಾದರೆ ಕಟ್ಟಿದ ಎಲುಬು ಮತ್ತೆ ಸವೆಯುತ್ತದೆ. ಕೊನೆಯ ಪೆನ್ ಮುಗಿಯುವ ಮೊದಲೇ ಆ ಎಲುಬನ್ನು ಉಳಿಸುವ ಬಿಸ್‌ಫಾಸ್ಫೊನೇಟಿನಂಥ ಮದ್ದಿನ ಚೀಟಿ ಬರೆಸಿಕೊಳ್ಳಿ.