ಕುದುರೆ ಕಂಡರೆ ಹೆದರುವ ನಾನು ಶೋ ಜಂಪಿಂಗ್ ನೋಡಿ ಬಂದೆ

ನಾನು ಏಳು ವರ್ಷದವಳಿದ್ದಾಗ ಶಿವಮೊಗ್ಗ ರೈಲ್ವೆ ಸ್ಟೇಷನ್ ಎದುರು ಜಟಕಾ ಕುದುರೆಯೊಂದು ನನ್ನ ಭುಜಕ್ಕೆ ಬಾಯಿ ಹಾಕಿತ್ತು. ಗಾಯ ದೊಡ್ಡದೇನಲ್ಲ, ಫ್ರಾಕಿನ ತೋಳು ಹರಿದಿತ್ತು. ಆದರೆ ಆ ಹಳದಿ ಹಲ್ಲು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಕ್ರೆಬೈಲಿನಲ್ಲಿ ಆನೆಗೆ ಸ್ನಾನ ಮಾಡಿಸುವಾಗ ನೀರಿನ ದಡದಲ್ಲೇ ಆರಾಮಾಗಿ ನಿಲ್ಲುತ್ತೇನೆ. ಕುದುರೆ ಬಂದರೆ ಮಾತ್ರ ರಸ್ತೆ ದಾಟಿ ಆಚೆ ಹೋಗುತ್ತೇನೆ.

ಹಾಗಿದ್ದೂ ಕಳೆದ ಭಾನುವಾರ ಊರಿನ ಹೊರಗಿನ ಮೈದಾನದಲ್ಲಿ ನಡೆದ ಶೋ ಜಂಪಿಂಗ್, ಅಂದರೆ ಕುದುರೆ ಮೇಲೆ ಕೂತು ಅಡ್ಡಗಳ ಹಾರಿಸುವ ಸ್ಪರ್ಧೆಗೆ ಹೋಗಿದ್ದೆ. ತಂಗಿ ಮಗಳು ಸವಾರಿ ಕಲಿಯುತ್ತಿದ್ದಾಳೆ. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದದ್ದನ್ನು ನೂರು ಸಲ ಹೇಳಿರಬೇಕು. "ದೊಡ್ಡಮ್ಮ, ನೀನು ಬೇಲಿ ಆಚೆ ಕೂತ್ಕೊಂಡು ನೋಡಿದ್ರೆ ಸಾಕು" ಅಂದಳು. ಟಿಕೆಟ್ 100 ರೂಪಾಯಿ.

ನನಗೆ ಬಹಳ ಹಿಡಿಸಿದ್ದು ಆಟಕ್ಕಿಂತ ಮುಂಚಿನ ನಡಿಗೆ. ಸವಾರರೆಲ್ಲ ಕುದುರೆ ಬಿಟ್ಟು, ಕಾಲ್ನಡಿಗೆಯಲ್ಲಿ ಒಂದೊಂದು ಅಡ್ಡಗಳದ ನಡುವೆ ಹೆಜ್ಜೆ ಎಣಿಸುತ್ತಾ ಹೋದರು. ಮನುಷ್ಯನ ನಾಲ್ಕು ಹೆಜ್ಜೆ ಅಂದರೆ ಕುದುರೆಯ ಒಂದು ನೆಗೆತ, ಸುಮಾರು 12 ಅಡಿ. ಲೆಕ್ಕ ತಪ್ಪಿದರೆ ಹಾರುವ ಜಾಗವೇ ತಪ್ಪುತ್ತದೆ. ಕುದುರೆಗೆ ಮಾತ್ರ ಈ ಅವಕಾಶ ಇಲ್ಲ. ಅದು ಒಳಗೆ ಬಂದಾಗಲೇ ಮೊದಲ ಸಲ ಎಲ್ಲವನ್ನೂ ನೋಡುವುದು. ಬೆನ್ನ ಮೇಲೆ ಕೂತವರ ಲೆಕ್ಕ ನಂಬಿ ಹಾರಬೇಕು.

ನಿಯಮ ಸುಲಭ. ಕೆಂಪು ಬಾವುಟ ಬಲಕ್ಕೆ, ಬಿಳಿ ಬಾವುಟ ಎಡಕ್ಕೆ ಇರುವ ಹಾಗೆ ದಾಟಬೇಕು. ಗಳ ಬಿದ್ದರೆ 4 ಪೆನಾಲ್ಟಿ, ಕುದುರೆ ಮೊದಲ ಸಲ ಹಾರದೆ ನಿಂತರೂ 4. ಗಳಗಳು ಬಿಗಿಯಾಗಿ ಕಟ್ಟಿರುವುದಿಲ್ಲ, ಸಣ್ಣ ಬಟ್ಟಲಿನಂಥ ಕೊಕ್ಕೆಯ ಮೇಲೆ ಸುಮ್ನೆ ಕೂತಿರುತ್ತವೆ. ಗೊರಸು ತಾಗಿದರೆ ಕೆಳಗೆ ಬೀಳುತ್ತವೆ, ಕುದುರೆ ಎಡವುವ ಅಪಾಯ ಕಡಿಮೆ. ಇದು ಗೊತ್ತಾದ ಮೇಲೆ ನನ್ನ ಎದೆಬಡಿತವೂ ಕಡಿಮೆಯಾಯಿತು. ಗಂಡಸರು ಹೆಂಗಸರು ಒಂದೇ ಸ್ಪರ್ಧೆಯಲ್ಲಿ ಇಳಿಯುತ್ತಾರೆ. ಇಲ್ಲಿಯ ಎತ್ತರ 1 ಮೀಟರ್ ಇತ್ತು. ಒಲಿಂಪಿಕ್ಸ್‌ನಲ್ಲಿ 1.65 ಮೀಟರ್‌ವರೆಗೂ ಇಡುತ್ತಾರಂತೆ. ಅಂದರೆ ನನ್ನ ತಲೆಗಿಂತ ಮೇಲೆ!

ಐದನೆಯದಾಗಿ ಬಂದ ಕಂದು ಕುದುರೆ ನೀಲಿ ಹಲಗೆಯ ಮುಂದೆ ಗಕ್ಕನೆ ನಿಂತುಬಿಟ್ಟಿತು. ಕಿವಿ ಹಿಂದಕ್ಕೆ ಮುಂದಕ್ಕೆ ಆಡುತ್ತಿತ್ತು. ಮೂಗಿನ ಹೊಳ್ಳೆ ಅರಳಿತ್ತು. ಸವಾರಿ ಮಾಡುತ್ತಿದ್ದ ಹುಡುಗಿ ಹೊಡೆಯಲಿಲ್ಲ, ಕೂಗಲಿಲ್ಲ. ಸುತ್ತು ಹಾಕಿಸಿ, ಕುತ್ತಿಗೆ ತಟ್ಟಿ ಮತ್ತೆ ತಂದಳು. ಈ ಸಲ ಹಾರಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಹೆದರಿದ ಪ್ರಾಣಿ ಹೇಗಿರುತ್ತದೆ ಅಂತ ನಾನು ಕುದುರೆಯಲ್ಲಿ ನೋಡಿದ್ದು ಅದೇ ಮೊದಲು.

ಅದರ ಕಣ್ಣು ತಲೆಯ ಪಕ್ಕದಲ್ಲಿ ಇರುವುದರಿಂದ ಸುತ್ತಲೂ ಕಾಣುತ್ತದೆ, ಮೂತಿಯ ತೀರಾ ಹತ್ತಿರ ಮತ್ತು ಬಾಲದ ನೇರ ಹಿಂದೆ ಬಿಟ್ಟು. ಇದನ್ನು ತಂಗಿ ಮಗಳು ಹೇಳಿದಾಗ ಜಟಕಾದ ದಿನ ನೆನಪಾಯಿತು. ನಾನು ಕಡಲೆಕಾಯಿ ಪೊಟ್ಟಣ ಹಿಡಿದು ಅದರ ಮೂತಿಗೆ ಅಂಟಿಕೊಂಡೇ ನಿಂತಿದ್ದೆ.

ಕೊರತೆಗಳೂ ಇವೆ. ಪೆಂಡಾಲು ಒಂದೇ ಬದಿಗೆ ಹಾಕಿದ್ದರು. 11 ಗಂಟೆಯ ಮೇಲೆ ಆಚೆ ಕೂತವರು ಬಿಸಿಲಲ್ಲಿ ಬೆಂದುಹೋದರು. ಮೈಕಿನಲ್ಲಿ ಪೂರ್ತಿ ಇಂಗ್ಲಿಷ್, ನನ್ನ ಪಕ್ಕದ ಅಜ್ಜನಿಗೆ ನಾನೇ ಅರ್ಥ ಹೇಳಬೇಕಾಯಿತು. ಎಲ್ಲಕ್ಕಿಂತ ಜಾಸ್ತಿ ಬೇಸರವಾಗಿದ್ದು ಇದು: ಲಾಯದಿಂದ ಕುದುರೆ ಬರುವ ದಾರಿ ಮತ್ತು ಜನ ನಡೆಯುವ ದಾರಿ ಒಂದೇ ಕಡೆ ಸೇರುತ್ತದೆ, ನಡುವೆ ಒಂದು ಹಗ್ಗವೂ ಇಲ್ಲ. ಮಕ್ಕಳು ಓಡಾಡುತ್ತಿದ್ದರು. ಇದನ್ನು ಸರಿಮಾಡಲೇಬೇಕು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾತ್ರ ಬಿಸಿಬಿಸಿ, 40 ರೂಪಾಯಿಗೆ ಹೊಟ್ಟೆ ತುಂಬಿತು.

ಹೋಗುವವರು 8 ಗಂಟೆಗೇ ಹೋಗಿ, ಆ ಹೆಜ್ಜೆ ಎಣಿಸುವ ನಡಿಗೆ ನೋಡಿ. ಕುದುರೆ ಭಯ ಇದ್ದರೆ ಪೆಂಡಾಲಿನ ಮೂರನೇ ಸಾಲು ಒಳ್ಳೆಯದು. ಗೊರಸಿನ ಸದ್ದು ಕೇಳುತ್ತದೆ, ಮಣ್ಣು ಸಿಡಿಯುವುದಿಲ್ಲ. ಮುಂದಿನ ಸಲ ತಂಗಿ ಮಗಳು 60 ಸೆಂಟಿಮೀಟರ್ ಸ್ಪರ್ಧೆಗೆ ಇಳಿಯುತ್ತಾಳೆ. ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ ಅಂತ ಅವಳಿಗೆ ಹೇಳಿದ್ದೇನೆ.