ಹಳೇ ಸರ್ವರ್‌ಗೆ ಹೊಸ ಗ್ಲಿಬ್‌ಸಿ ಹಾಕಿಸುವ ಮುಂಚೆ ಇದನ್ನು ಓದಿ

ನಿಮ್ಮ ಸೆಂಟ್‌ಓಎಸ್ 7 (ಹಳೇ ಲಿನಕ್ಸ್ ಓಎಸ್) ಸರ್ವರ್‌ನಲ್ಲಿ ಹೊಸ ಸಾಫ್ಟ್‌ವೇರ್ ಓಡುತ್ತಿಲ್ಲ. 'ಗ್ಲಿಬ್‌ಸಿ 2.28 ನಾಟ್ ಫೌಂಡ್' ಅಂತ, ಅಂದರೆ ಲಿನಕ್ಸ್‌ನ ಮೂಲ ಲೈಬ್ರರಿಯ ಆ ವರ್ಷನ್ ಇಲ್ಲ ಅಂತ, ಎರರ್ ಬರುತ್ತಿದೆ. ಯಾರೋ ಬಂದು 'ಅಷ್ಟೇ ಅಲ್ವಾ, ಸೋರ್ಸ್ ತಂದು ಕಂಪೈಲ್ ಮಾಡಿ ಹಾಕಿಕೊಡ್ತೀವಿ' ಅನ್ನುತ್ತಿದ್ದಾರೆ. ದಯವಿಟ್ಟು ಅವರನ್ನು ತಡೆಯಿರಿ. ಅದೇ ಮಷೀನಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರಂತೂ ರೂಟ್ ಪಾಸ್‌ವರ್ಡನ್ನೇ ಕೊಡಬೇಡಿ. ನಮ್ಮಲ್ಲಿ ಹೀಗೇ ಆಯಿತು. ಮಷೀನು ಕೆಟ್ಟು ನಿಂತಿದ್ದರೆ ಬ್ಯಾಕಪ್ ಹಾಕಿ ಮುಗಿಸುತ್ತಿದ್ದೆವು. ಅದು ನಿಲ್ಲಲಿಲ್ಲ. ಚೆನ್ನಾಗಿ ಓಡುತ್ತಲೇ ಸ್ಟಾಕ್ ಲೆಕ್ಕವನ್ನೆಲ್ಲ ಕೆಡಿಸಿತು.

ನಾನಿರುವುದು ಪಂಪ್‌ಸೆಟ್ ಬಿಡಿಭಾಗ ಮಾರುವ ಕಂಪನಿಯಲ್ಲಿ. ಬಿಲ್ಲಿಂಗ್, ಸ್ಟಾಕ್ ಎಲ್ಲ ಒಂದೇ ಸರ್ವರ್ ಮೇಲೆ. ಇ-ಇನ್‌ವಾಯ್ಸ್‌ಗೆ ಹೊಸ ಮಾಡ್ಯೂಲ್ ತಗೊಂಡೆವು. ಅದು ಓಡಲು ನೋಡ್‌ಜೆಎಸ್ 18 (ಜಾವಾಸ್ಕ್ರಿಪ್ಟ್ ಪ್ರೋಗ್ರಾಮು ಓಡಿಸುವ ಸಾಫ್ಟ್‌ವೇರ್) ಬೇಕಿತ್ತು. ನೋಡ್‌ಜೆಎಸ್‌ನವರೇ ಕಂಪೈಲ್ ಮಾಡಿ ಕೊಡುವ ರೆಡಿ ಬೈನರಿಗೆ ಗ್ಲಿಬ್‌ಸಿ 2.28 ಆದರೂ ಇರಬೇಕು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ಅಂದರೆ 2012ರ ಡಿಸೆಂಬರ್‌ನದ್ದು. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಸಪೋರ್ಟ್ ಮುಗಿದಿದೆ. ಹೊಸ ಓಎಸ್‌ಗೆ ಹೋಗೋಣ ಅಂದರೆ ಸರ್ವರ್ ನೋಡಿಕೊಳ್ಳುವ ಏಜೆನ್ಸಿಯವರು ಒಂದು ದೊಡ್ಡ ಮೊತ್ತ ಹೇಳಿದರು, ಜೊತೆಗೆ ಗ್ಲಿಬ್‌ಸಿ ಮಾತ್ರ ಬದಲಿಸಲು ಒಂದು ಸಣ್ಣ ಮೊತ್ತ. ಯಜಮಾನರು ಯಾವುದಕ್ಕೆ ಒಪ್ಪಿದರು ಅಂತ ಹೇಳಬೇಕಿಲ್ಲ.

ಗ್ಲಿಬ್‌ಸಿ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಲಿನಕ್ಸ್‌ನಲ್ಲಿ ಫೈಲ್ ತೆರೆಯುವುದು, ಮೆಮೊರಿ ಕೇಳುವುದು, ಅಕ್ಷರಗಳನ್ನು ಹೋಲಿಸುವುದು, ಹೀಗೆ ಹೆಚ್ಚುಕಮ್ಮಿ ಪ್ರತಿ ಪ್ರೋಗ್ರಾಮೂ ಇದರ ಮೂಲಕವೇ ಮಾಡುತ್ತದೆ. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್, ಕಮಾಂಡ್ ಕೇಳುವ ಬ್ಯಾಶ್, ಪ್ಯಾಕೇಜ್ ತರುವ ಯಮ್, ಎಲ್ಲವೂ. ಒಳಗಿನ ಒಂದೊಂದು ಫಂಕ್ಷನ್ನಿಗೂ ವರ್ಷನ್ ಮುದ್ರೆ ಇರುತ್ತದೆ. ಹಳೇ ಗ್ಲಿಬ್‌ಸಿ ಮೇಲೆ ಕಟ್ಟಿದ ಪ್ರೋಗ್ರಾಮು ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಎರರ್ ಓದಿದರೆ ಯಾವುದೋ ಒಂದು ಪ್ಯಾಕೇಜ್ ಇಲ್ಲ, ತಂದು ಹಾಕಿದರೆ ಸಾಕು ಅನ್ನಿಸುತ್ತದೆ. ಮೋಸ ಇರುವುದೇ ಅಲ್ಲಿ. ಅದು ನಿಜವಾಗಿ ಹೇಳುತ್ತಿರುವುದು, 'ಈ ಬೈನರಿ ನಿಮ್ಮ ಓಎಸ್‌ಗಾಗಿ ಕಟ್ಟಿದ್ದಲ್ಲ' ಅಂತ.

ಏಜೆನ್ಸಿಯ ಹುಡುಗರು 2.28ರ ಸೋರ್ಸ್ ಇಳಿಸಿದರು. ಕಾನ್ಫಿಗರ್ ಸ್ಕ್ರಿಪ್ಟ್ ಮೊದಲ ಹೆಜ್ಜೆಯಲ್ಲೇ ಕಂಪೈಲರ್ ತುಂಬಾ ಹಳೆಯದು ಅಂತ ನಿಂತಿತು. ಸೆಂಟ್‌ಓಎಸ್ 7ರ ಕಂಪೈಲರ್ ಜಿಸಿಸಿ 4.8.5, ಇದಕ್ಕೆ 4.9 ಆದರೂ ಬೇಕು. ಹೊಸ ಜಿಸಿಸಿ ತರಲು ಹೋದರೆ ಯಮ್ ರೆಪೊಗಳೇ ಸಿಗಲಿಲ್ಲ. ಸಪೋರ್ಟ್ ಮುಗಿದ ಮೇಲೆ ಅವೆಲ್ಲ ಹಳೆಯ ಕಡತಗಳ ಸರ್ವರ್‌ಗೆ ಹೋಗಿವೆ, ವಿಳಾಸ ತಿದ್ದಿಕೊಳ್ಳಬೇಕು. ಅದನ್ನೂ ಮಾಡಿದರು. ಡೆವ್‌ಟೂಲ್‌ಸೆಟ್ ಹಾಕಿ ಜಿಸಿಸಿ 8 ತಂದರು. ಕೊನೆಗೆ ಪ್ರಿಫಿಕ್ಸ್‌ಗೆ ನೇರವಾಗಿ ಯುಎಸ್‌ಆರ್ ಕೊಟ್ಟು ಮೇಕ್ ಇನ್‌ಸ್ಟಾಲ್ ಒತ್ತಿಬಿಟ್ಟರು. ಅಂದರೆ ಬೇರೆ ಫೋಲ್ಡರ್‌ನಲ್ಲಿ ಅಲ್ಲ, ಸಿಸ್ಟಂನ ಗ್ಲಿಬ್‌ಸಿ ಮೇಲೇ.

ಈ ಹಂತದಲ್ಲಿ ಎಷ್ಟೋ ಜನರ ಮಷೀನು ಮುಗಿದುಹೋಗುತ್ತದೆ. ಪ್ರೋಗ್ರಾಮಿಗೆ ಲೈಬ್ರರಿ ಜೋಡಿಸಿ ಶುರುಮಾಡುವ ಲೋಡರ್ ಒಂದು ವರ್ಷನ್, ಲೈಬ್ರರಿ ಇನ್ನೊಂದು ವರ್ಷನ್ ಆದ ಕ್ಷಣದಲ್ಲಿ ಎಲ್‌ಎಸ್ ಕೂಡ ಓಡುವುದಿಲ್ಲ. ಲಿಂಕ್ ಸರಿಮಾಡೋಣ ಅಂದರೆ ಎಲ್‌ಎನ್ ಕಮಾಂಡಿಗೂ ಅದೇ ಲೈಬ್ರರಿ ಬೇಕು. ಇಂಥ ಕಷ್ಟಕ್ಕೆ ಅಂತಲೇ ಎಸ್‌ಎಲ್‌ಎನ್ ಎಂಬ ಪುಟ್ಟ ಕಮಾಂಡ್ ಇದೆ. ಅದನ್ನು ಸ್ಟ್ಯಾಟಿಕ್ ಆಗಿ, ಅಂದರೆ ಬೇಕಾದ ಲೈಬ್ರರಿ ಒಳಗೇ ಸೇರಿಸಿ, ಕಟ್ಟಿರುವುದರಿಂದ ಗ್ಲಿಬ್‌ಸಿ ಫೈಲ್ ಇಲ್ಲದಿದ್ದರೂ ಓಡುತ್ತದೆ. ನೀವು ಅಂಥ ಸ್ಥಿತಿಯಲ್ಲಿ ಈಗ ಇದನ್ನು ಓದುತ್ತಿದ್ದರೆ, ತೆರೆದಿರುವ ಎಸ್‌ಎಸ್‌ಎಚ್ ಕಿಟಕಿ ಮುಚ್ಚಬೇಡಿ, ರೀಬೂಟ್ ಅಂತೂ ಬೇಡವೇ ಬೇಡ. ಹಳೇ ಲೈಬ್ರರಿ ಫೈಲ್ ಇನ್ನೂ ಇದ್ದರೆ ಎಸ್‌ಎಲ್‌ಎನ್‌ನಿಂದ ಲಿಂಕನ್ನು ಮತ್ತೆ ಅದರ ಕಡೆ ತಿರುಗಿಸಿ.

ನಮ್ಮಲ್ಲಿ ಅದೇನೂ ಆಗಲಿಲ್ಲ. ಇನ್‌ಸ್ಟಾಲ್ ಮುಗಿಯಿತು, ನೋಡ್‌ಜೆಎಸ್ ಓಡಿತು. ರೀಬೂಟ್ ಆದ ಮೇಲೆ ಮಾತ್ರ ಬ್ಯಾಶ್ 'ಲೊಕೇಲ್ ಬದಲಿಸಲು ಆಗುತ್ತಿಲ್ಲ' ಅಂತ ಗೊಣಗತೊಡಗಿತು. ಲೊಕೇಲ್ ಅಂದರೆ ಭಾಷೆ, ಅಕ್ಷರಗಳ ಕ್ರಮ ಇತ್ಯಾದಿಗಳ ಸೆಟ್ಟಿಂಗ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ತೆರೆಯಲೇ ಇಲ್ಲ. ನಿಮ್ಮ ಡೇಟಾಬೇಸ್ ಕಟ್ಟಿದ ಲೊಕೇಲ್ ಈ ಸಿಸ್ಟಂಗೆ ಗೊತ್ತಿಲ್ಲ ಅಂತ ಹೇಳಿ ನಿಂತಿತು. ಪಾಪ, ಅದೊಂದೇ ಸರಿಯಾಗಿ ಎಚ್ಚರಿಸಿದ್ದು. ಹುಡುಗರು ಅದಕ್ಕೂ ಮದ್ದು ಹುಡುಕಿದರು. ಅದೇ ಸೋರ್ಸ್‌ನಿಂದ 2.28ರ ಲೊಕೇಲ್‌ಗಳನ್ನೂ ಇನ್‌ಸ್ಟಾಲ್ ಮಾಡಿದರು. ಗೊಣಗಾಟ ನಿಂತಿತು. ಡೇಟಾಬೇಸ್ ತೆರೆಯಿತು. ಬಿಲ್ ಕಳಿಸಿದರು.

ಆಮೇಲೆ ಗೋಡೌನಿನಿಂದ ಫೋನು ಬರತೊಡಗಿತು. 'ಸರ್, 1-15 ಸೀಲು ರ‍್ಯಾಕ್‌ನಲ್ಲಿ ಕಣ್ಣೆದುರಿಗೇ ಇದೆ. ಕಂಪ್ಯೂಟರ್‌ನಲ್ಲಿ ಕೋಡ್ ಹಾಕಿದರೆ ಅಂಥ ಐಟಮ್ಮೇ ಇಲ್ಲ ಅಂತಿದೆ.' ನಾನು ಸ್ಟಾಕ್ ರಿಪೋರ್ಟ್ ತೆಗೆದೆ. ಐಟಂ ಇತ್ತು. ಕೋಡ್ ಹಾಕಿ ಹುಡುಕಿದೆ. ಇಲ್ಲ. ಅದೇ ಟೇಬಲ್, ಅದೇ ಸಾಲು. 'ಸುಮ್ನೆ ಹೊಸದಾಗಿ ಎಂಟ್ರಿ ಮಾಡಿಬಿಡಿ' ಅಂತ ಯಾರೋ ಹೇಳಿದ್ದರು, ಕೌಂಟರಿನವರು ಹಾಗೇ ಮಾಡುತ್ತಾ ಹೋಗಿದ್ದರು. ಕೋಡ್ ಎರಡು ಸಲ ಬರದ ಹಾಗೆ ಯೂನಿಕ್ ನಿರ್ಬಂಧ ಇತ್ತು. ಅದೂ ತಡೆಯಲಿಲ್ಲ.

ಕಾರಣ ಇಷ್ಟು. 2018ರ ಆಗಸ್ಟ್‌ನಲ್ಲಿ ಬಂದ 2.28ರಲ್ಲಿ ಗ್ಲಿಬ್‌ಸಿಯ ಅಕ್ಷರ ಜೋಡಿಸುವ ಕ್ರಮ ದೊಡ್ಡದಾಗಿ ಬದಲಾಯಿತು. ಮುಂಚೆ ಇಂಗ್ಲಿಷ್ ಲೊಕೇಲ್‌ನಲ್ಲಿ ಅಡ್ಡಗೆರೆಯಂಥ ಚಿಹ್ನೆಗಳನ್ನು ಮೊದಲಿಗೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 1-15 ಅಂದರೆ ಹೆಚ್ಚುಕಮ್ಮಿ 115 ಇದ್ದ ಹಾಗೆ, ಆದ್ದರಿಂದ 11ರ ನಂತರ ಬರುತ್ತಿತ್ತು. ಹೊಸ ಕ್ರಮದಲ್ಲಿ ಅಡ್ಡಗೆರೆಗೂ ಬೆಲೆ ಇದೆ, ಅದು ಅಂಕಿಗಳಿಗಿಂತ ಮುಂಚೆ ಬರುತ್ತದೆ. ಹಾಗಾಗಿ 1-15 ಈಗ 11ಕ್ಕಿಂತ ಮೊದಲು. ನಾವು ಬೇರೆ ಏನೂ ಹೇಳದಿದ್ದರೆ ಪೋಸ್ಟ್‌ಗ್ರೆಸ್ ಪಠ್ಯವನ್ನು ಜೋಡಿಸಲು ಸಿಸ್ಟಂನ ಗ್ಲಿಬ್‌ಸಿಯನ್ನೇ ಕೇಳುತ್ತದೆ. ನಮ್ಮ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಡೇಟಾಬೇಸ್ ಜೋಡಿಸಿಟ್ಟುಕೊಳ್ಳುವ ಪಟ್ಟಿ, ಡಿಸ್ಕ್ ಮೇಲೆ ಹಳೇ ಕ್ರಮದಲ್ಲಿ ಕೂತಿತ್ತು, ಹುಡುಕಾಟ ಹೊಸ ಕ್ರಮದಲ್ಲಿ ನಡೆಯುತ್ತಿತ್ತು. ಕನ್ನಡ ನಿಘಂಟಿನಲ್ಲಿ 'ಳ' ಬರುವುದು 'ಹ' ಆದ ಮೇಲೆ. ಅದು ಗೊತ್ತಿಲ್ಲದವರು 'ಬಳೆ'ಯನ್ನು 'ಬಲೆ'ಯ ಪಕ್ಕದಲ್ಲಿ ಹುಡುಕಿ, ಸಿಗದೆ, ಈ ನಿಘಂಟಿನಲ್ಲಿ ಆ ಪದವೇ ಇಲ್ಲ ಅಂದುಬಿಡುತ್ತಾರಲ್ಲ, ಹಾಗೆ. ರಿಪೋರ್ಟು ಇಡೀ ಟೇಬಲನ್ನು ಮೊದಲಿನಿಂದ ಓದುತ್ತದೆ, ಅದಕ್ಕೆ ಇಂಡೆಕ್ಸ್ ಬೇಕಿಲ್ಲ. ಅದಕ್ಕೇ ಅಲ್ಲಿ ಐಟಂ ಕಾಣುತ್ತಿತ್ತು. ಯೂನಿಕ್ ನಿರ್ಬಂಧ ನಿಂತಿರುವುದೂ ಇಂಡೆಕ್ಸ್ ಮೇಲೆಯೇ. ಹಳೇ ಸಾಲು ಅದಕ್ಕೆ ಕಾಣಲಿಲ್ಲ, ಹೊಸದನ್ನು ಒಳಗೆ ಬಿಟ್ಟಿತು.

ನಿಮ್ಮ ಮಷೀನು ಯಾವ ಕ್ರಮದಲ್ಲಿದೆ ಅಂತ ನೋಡುವುದು ಸುಲಭ. ಲೊಕೇಲ್ ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಇಟ್ಟು, ಸಾರ್ಟ್ ಕಮಾಂಡಿಗೆ 1-1 ಮತ್ತು 11 ಅಂತ ಎರಡು ಸಾಲು ಕೊಡಿ. 11 ಮೊದಲು ಬಂದರೆ ಹಳೇ ಕ್ರಮ. 1-1 ಮೊದಲು ಬಂದರೆ 2.28 ಅಥವಾ ಅದರ ನಂತರದ್ದು.

ರಿಪೇರಿ ಬೇಜಾರಿನ ಕೆಲಸ. ಇಂಡೆಕ್ಸನ್ನು ಮತ್ತೆ ಕಟ್ಟುವ ರೀಇಂಡೆಕ್ಸ್ ಕಮಾಂಡ್ ಕೊಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಬೇಗ ಗೊತ್ತಾದರೆ ಮಾತ್ರ. ನಮ್ಮಲ್ಲಿ ಆಗಲೇ ಒಂದೇ ಕೋಡಿಗೆ ಎರಡೆರಡು ಸಾಲು ಇದ್ದವು, ಹಾಗಾಗಿ ಯೂನಿಕ್ ಇಂಡೆಕ್ಸ್ ಕಟ್ಟಲು ಆಗುವುದಿಲ್ಲ ಅಂತ ರೀಇಂಡೆಕ್ಸೇ ನಿಂತಿತು. ಹಳೇ ಬ್ಯಾಕಪ್ ಹಾಕೋಣ ಅಂದರೆ ಅಷ್ಟರಲ್ಲಿ ಆಗಿದ್ದ ಬಿಲ್ಲುಗಳೆಲ್ಲ ಹೋಗುತ್ತವೆ. ಖರೀದಿ ಒಂದು ಸಾಲಿಗೆ, ಮಾರಾಟ ಇನ್ನೊಂದಕ್ಕೆ. ಒಂದರಲ್ಲಿ ಸ್ಟಾಕ್ ಮೈನಸ್, ಇನ್ನೊಂದರಲ್ಲಿ ಇಲ್ಲದ ಮಾಲು. ಒಂದೊಂದೇ ಜೋಡಿ ಹಿಡಿದು, ಗೋಡೌನಿಗೆ ಹೋಗಿ ಎಣಿಸಿ, ಒಟ್ಟುಮಾಡಿದೆವು. ಆಮೇಲೆ ಡಂಪ್ (ಡೇಟಾಬೇಸ್‌ನ ಪೂರ್ತಿ ರಫ್ತು) ತೆಗೆದು ಹೊಸ ಓಎಸ್ ಇರುವ ಬೇರೆ ಮಷೀನಿಗೆ ಹಾಕಿದೆವು. ಯಜಮಾನರು ಉಳಿಸಲು ಹೋದ ದುಡ್ಡು ಅಲ್ಲಿಗೇ ಬಂತು, ಸ್ವಲ್ಪ ಜಾಸ್ತಿಯೇ.

ಒಂದು ಮಾತು ಇಲ್ಲಿ ಸೇರಿಸಬೇಕು. ಗ್ಲಿಬ್‌ಸಿಯನ್ನು ಕೈಯಿಂದ ಕಟ್ಟಿದವರಿಗೆ ಮಾತ್ರ ಈ ಗಂಡಾಂತರ ಅಲ್ಲ. ಸೆಂಟ್‌ಓಎಸ್ 7ರಿಂದ ಪೋಸ್ಟ್‌ಗ್ರೆಸ್‌ನ ಡೇಟಾ ಫೋಲ್ಡರನ್ನು ಹಾಗೇ ಕಾಪಿ ಮಾಡಿ, ಸೆಂಟ್‌ಓಎಸ್ ಬದಲಿಗೆ ಬಳಸುವ ಆಲ್ಮಾ ಅಥವಾ ರಾಕಿ 8, 9ಕ್ಕೆ ಒಯ್ದರೂ ಇದೇ ಕಥೆ, ಏಕೆಂದರೆ 8ರಲ್ಲಿರುವುದು 2.28, 9ರಲ್ಲಿ 2.34. ಡಾಕರ್ ಕಂಟೇನರ್‌ಗೆ (ತನ್ನದೇ ಲೈಬ್ರರಿಗಳಿರುವ ಪ್ರತ್ಯೇಕ ಡಬ್ಬಿಗೆ) ಒಯ್ದರೂ ಅಷ್ಟೇ. ಫೋಲ್ಡರ್ ಕಾಪಿ ಬೇಡ, ಪಿಜಿ-ಡಂಪ್ ತೆಗೆದು ರಿಸ್ಟೋರ್ ಮಾಡಿ, ಇಂಡೆಕ್ಸ್‌ಗಳು ಹೊಸ ಕ್ರಮದಲ್ಲೇ ಹುಟ್ಟುತ್ತವೆ. ಆಗಲೇ ಕಾಪಿ ಮಾಡಿಬಿಟ್ಟಿದ್ದರೆ ಆಮ್‌ಚೆಕ್ ಎಂಬ ಎಕ್ಸ್‌ಟೆನ್ಶನ್ ಇದೆ, ಇಂಡೆಕ್ಸ್ ಕ್ರಮ ತಪ್ಪಿದ್ದರೆ ಹಿಡಿದುಕೊಡುತ್ತದೆ. ಪೋಸ್ಟ್‌ಗ್ರೆಸ್ 15ರಿಂದ ಡೇಟಾಬೇಸ್ ತೆರೆಯುವಾಗಲೇ ವರ್ಷನ್ ಹೊಂದುತ್ತಿಲ್ಲ ಅಂತ ಎಚ್ಚರಿಕೆ ಬರುತ್ತದೆ. ನಮ್ಮದು ಅದಕ್ಕಿಂತ ಹಳೆಯದು.

ಹಾಗಾದರೆ ನೋಡ್‌ಜೆಎಸ್ 18 ಓಡಿಸುವುದು ಹೇಗಿತ್ತು? ಕಂಟೇನರ್‌ನಲ್ಲಿ. ಕಂಟೇನರ್ ತನ್ನ ಗ್ಲಿಬ್‌ಸಿಯನ್ನು ತಾನೇ ತರುತ್ತದೆ, ಹೊರಗಿನಿಂದ ಕರ್ನೆಲ್ ಮಾತ್ರ ಬಳಸುತ್ತದೆ. ಡೆಬಿಯನ್ 11 ಎಂಬ ಲಿನಕ್ಸ್ ಆಧಾರದ ಇಮೇಜ್ (ಕಂಟೇನರ್‌ನ ಅಚ್ಚು) ತಗೊಂಡರೆ ಸಾಕು. ತುಂಬಾ ಹೊಸ ಇಮೇಜ್ ಹಾಕಿದರೆ ಹಳೇ ಡಾಕರ್ ಬೇರೆ ಕಿರಿಕ್ ಮಾಡುತ್ತದೆ: ಗ್ಲಿಬ್‌ಸಿ 2.34ರಿಂದ ಥ್ರೆಡ್ ಹುಟ್ಟಿಸಲು ಕ್ಲೋನ್3 ಎಂಬ ಹೊಸ ಕರೆ ಬಳಸುತ್ತಾರೆ, 20.10.10ಕ್ಕಿಂತ ಹಿಂದಿನ ಡಾಕರ್ ಅದನ್ನು ತಡೆದುಬಿಡುತ್ತದೆ. ಕಂಟೇನರ್ ಬೇಡ ಅಂದರೆ, ಗ್ಲಿಬ್‌ಸಿ 2.17 ಮೇಲೇ ಕಟ್ಟಿದ ನೋಡ್‌ಜೆಎಸ್ 18 ಬೈನರಿಗಳು ಆ ಯೋಜನೆಯ ಅನಧಿಕೃತ ಬಿಲ್ಡ್‌ಗಳ ಪುಟದಲ್ಲೇ ಸಿಗುತ್ತವೆ. ಏಜೆನ್ಸಿಯವರಿಗೆ ಇವೆರಡೂ ಹೊಳೆಯಲಿಲ್ಲ.

ಕಂಪೈಲರ್ ಬದಲಾದಾಗ ಆಗುವ ಜಗಳಗಳು ಇದಕ್ಕೆ ಹೋಲಿಸಿದರೆ ಪುಣ್ಯ. 2020ರ ಜಿಸಿಸಿ 10 ಬಂದಾಗ ಹಳೇ ಸಿ ಕೋಡೆಲ್ಲ 'ಮಲ್ಟಿಪಲ್ ಡೆಫಿನಿಶನ್' ಅಂತ ಕೂಗಿತು. 2024ರ ಜಿಸಿಸಿ 14, ಘೋಷಿಸದೆ ಫಂಕ್ಷನ್ ಕರೆದರೆ ಎರರ್ ಅಂತಲೇ ನಿಲ್ಲಿಸುತ್ತದೆ. ಮುಂಚೆ ಬರೀ ವಾರ್ನಿಂಗ್ ಇತ್ತು. ಬಿಲ್ಡ್ ನಿಲ್ಲುತ್ತದೆ, ಬೈದುಕೊಳ್ಳುತ್ತೇವೆ, ಕೋಡ್ ಸರಿಮಾಡುತ್ತೇವೆ ಅಥವಾ ಒಂದು ಫ್ಲ್ಯಾಗ್ ಹಾಕುತ್ತೇವೆ. ಯಾರ ಸ್ಟಾಕೂ ಮೈನಸ್ ಆಗುವುದಿಲ್ಲ.

ಏಜೆನ್ಸಿಯವರನ್ನು ಕೇಳಿದಾಗ 'ಸರ್, ನೀವು ಹೇಳಿದ್ದು ಗ್ಲಿಬ್‌ಸಿ ಹಾಕೋಕೆ, ಹಾಕಿದೀವಿ. ಡೇಟಾಬೇಸ್ ನಮ್ಮ ಕೆಲಸದಲ್ಲಿ ಬರಲ್ಲ' ಅಂದರು. ವರ್ಕ್ ಆರ್ಡರ್ ತೆಗೆದು ನೋಡಿದರೆ ಹಾಗೇ ಇತ್ತು. ಈಗ ನಮ್ಮ ಪ್ರತಿ ವರ್ಕ್ ಆರ್ಡರ್‌ನಲ್ಲೂ ಒಂದು ಸಾಲು ಇರುತ್ತದೆ: ಗ್ಲಿಬ್‌ಸಿ ಮತ್ತು ಲೊಕೇಲ್ ಫೈಲ್‌ಗಳನ್ನು ಓಎಸ್‌ನ ಪ್ಯಾಕೇಜ್ ಮೂಲಕ ಬಿಟ್ಟು ಬೇರೆ ಯಾವ ದಾರಿಯಲ್ಲೂ ಬದಲಿಸಕೂಡದು. ನಿಮ್ಮದಕ್ಕೂ ಸೇರಿಸಿಕೊಳ್ಳಿ.