‘ಹೆವಿ ಲೈನ್’ ಗೌಜಲಕ್ಕಿ ಮರಿ ಕೊಳ್ಳುವ ಮುನ್ನ

‘ಹೆವಿ ಲೈನ್’, ಅಂದರೆ ಮಾಂಸಕ್ಕೆಂದು ಹೆಚ್ಚು ತೂಗುವಂತೆ ಆರಿಸಿ ಬೆಳೆಸಿದ ತಳಿಯ ಗೌಜಲಕ್ಕಿ ಮರಿ ಎಂದು ಯಾರಾದರೂ ದುಪ್ಪಟ್ಟು ರೇಟು ಹೇಳಿದರೆ ಸ್ವಲ್ಪ ತಡೆಯಿರಿ. ನಮಗೆ ಮರಿ ಮಾರಿದ ಹ್ಯಾಚರಿಯವರ ಕಥೆ ಕೇಳಿ.

ಅವರು ತಕ್ಕಡಿಯಲ್ಲಿಟ್ಟು ತೋರಿಸಿದ ಹಕ್ಕಿಗಳು ಒಂದೊಂದೂ 250 ಗ್ರಾಂ ದಾಟಿದ್ದವು. "ಇವುಗಳದ್ದೇ ಮರಿ ಸಾರ್, ಐದು ವಾರಕ್ಕೆ ಇಷ್ಟೇ ಬರುತ್ತೆ" ಎಂದರು. ಬಂದದ್ದು 170, 180. ಗಂಡುಗಳು ಅದಕ್ಕೂ ಕಡಿಮೆ. ಫೋನ್ ಮಾಡಿದರೆ "ನಿಮ್ಮ ಫೀಡ್ ಸರಿಯಿಲ್ಲ" ಎಂಬ ಒಂದೇ ಮಾತು. ಅದೇ ಫೀಡ್ ತಿಂದ ನಮ್ಮ ಹಳೇ ಬ್ಯಾಚು ಇದಕ್ಕಿಂತ ಚೆನ್ನಾಗಿ ತೂಗಿತ್ತಲ್ಲ ಎಂದರೆ ಉತ್ತರವಿಲ್ಲ.

ತಕ್ಕಡಿಯಲ್ಲೇ ಆಟವಿತ್ತು. ಅವೆಲ್ಲ ಮೊಟ್ಟೆ ಇಡುತ್ತಿದ್ದ ಹೆಣ್ಣುಗಳು. ಎದೆಯ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೆಣ್ಣು, ಬರೀ ಇಟ್ಟಿಗೆ ಬಣ್ಣವಿದ್ದರೆ ಗಂಡು. ಕೋಳಿಯಲ್ಲಿ ಹುಂಜ ದೊಡ್ಡದು, ಈ ಜಪಾನಿ ಗೌಜಲಕ್ಕಿಯಲ್ಲಿ ಉಲ್ಟಾ, ಹೆಣ್ಣೇ ಭಾರ. ಮೊಟ್ಟೆ ಶುರುವಾದ ಮೇಲಂತೂ ಇನ್ನೂ ಜಾಸ್ತಿ. ಅದನ್ನು ಮಾಂಸದ ಹಕ್ಕಿಯ ತೂಕವೆಂದು ತೋರಿಸುವುದು ಮೋಸವಲ್ಲದೆ ಇನ್ನೇನು?

ಇನ್ನು ‘ಅಪ್ಪ ಅಮ್ಮ ದಪ್ಪ, ಮರಿಯೂ ದಪ್ಪ’ ಎಂಬ ಲೆಕ್ಕ. ತೂಕ ವಂಶದಿಂದ ಬರುವುದು ನಿಜ, ಪೂರ್ತಿ ಬರುವುದಿಲ್ಲ. ಹಿಂಡಿನ ಸರಾಸರಿ 200 ಗ್ರಾಂ, ಅದರಲ್ಲಿ ಆರಿಸಿದ ಜೋಡಿಗಳ ಸರಾಸರಿ 240 ಎಂದುಕೊಳ್ಳಿ. ಹೆಚ್ಚಿಗೆ ಇರುವುದು 40. ಅನುವಂಶೀಯತೆ, ಅಂದರೆ ಆ ಹೆಚ್ಚಿನ ತೂಕದಲ್ಲಿ ಮರಿಗೆ ದಾಟುವ ಪಾಲು, 0.4 ಇದ್ದರೆ ಮರಿಗಳಿಗೆ ದಾಟುವುದು 16 ಗ್ರಾಂ ಮಾತ್ರ. ಉಳಿದದ್ದು ಆ ಹಕ್ಕಿಗೆ ಸಿಕ್ಕ ಮೇವು, ಜಾಗ, ಅದೃಷ್ಟ. ಹೆಣ್ಣನ್ನಷ್ಟೇ ಆರಿಸಿ ಗಂಡು ಯಾವುದೋ ಬಿಟ್ಟರೆ ಬರೀ 8. ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋದರೆ ತೂಕ ಏರುತ್ತದೆ, ಅನುಮಾನವಿಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಮಾರ್ಕ್ಸ್ ಎಂಬ ವಿಜ್ಞಾನಿ ನಾಲ್ಕು ವಾರದ ತೂಕ ನೋಡಿ ಹತ್ತಾರು ತಲೆಮಾರು ಆರಿಸಿ ಅದನ್ನು ತೋರಿಸಿದ್ದಾರೆ. ಅಷ್ಟು ಕಾಲ ದಾಖಲೆ ಇಟ್ಟು ಮಾಡುವ ಕೆಲಸ ಅದು. ಒಂದು ದಿನದ ಮರಿಯನ್ನು ಅಂಗೈ ಮೇಲಿಟ್ಟು "ನೋಡಿ, ಎಷ್ಟು ದೊಡ್ಡದು" ಅಂದರೂ ಮರುಳಾಗಬೇಡಿ. ಮೊಟ್ಟೆ ದೊಡ್ಡದಿದ್ದರೆ ಮರಿ ದೊಡ್ಡದು, ಅಷ್ಟೇ.

ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಆ ಹ್ಯಾಚರಿಯಲ್ಲಿ ವರ್ಷಗಳಿಂದ ಹೊರಗಿನ ಗಂಡು ತಂದೇ ಇಲ್ಲ ಎಂದು ಕೆಲಸದ ಹುಡುಗನೊಬ್ಬ ಬಾಯಿಬಿಟ್ಟ. ಗೌಜಲಕ್ಕಿ ಒಳಸಂಬಂಧವನ್ನು ಕೋಳಿಯಷ್ಟೂ ತಾಳುವುದಿಲ್ಲ. ಒಡಹುಟ್ಟಿದವನ್ನೇ ಕೂಡಿಸುತ್ತ ಹೋದರೆ ಮೂರ್ನಾಲ್ಕು ತಲೆಮಾರಿನಲ್ಲಿ ಆ ವಂಶವೇ ಅಳಿಯುವುದುಂಟು. ಮೊದಲು ಮೊಟ್ಟೆಗಳು ಜೊಳ್ಳಾಗುತ್ತವೆ, ಆಮೇಲೆ ಮರಿಗಳು ಬ್ರೂಡರ್‌ನಲ್ಲೇ (ಮರಿಗಳನ್ನು ಬೆಚ್ಚಗಿಡುವ ಗೂಡು) ಸಾಯುತ್ತವೆ, ಉಳಿದವು ಸಣಕಲು. ನಮ್ಮಲ್ಲಿ ಆದದ್ದೂ ಅದೇ.

ಹಾಗಾಗಿ ಚೆಂದದ ನಾಲ್ಕು ಹಕ್ಕಿ ನೋಡಿ ಒಪ್ಪಬೇಡಿ. ಐದು ವಾರದ ಇಡೀ ಬ್ಯಾಚಿನ ಸರಾಸರಿ, ಗಂಡಿನದು ಬೇರೆ ಹೆಣ್ಣಿನದು ಬೇರೆ, ಬರೆದಿಟ್ಟದ್ದನ್ನು ಕೇಳಿ. ನೂರು ಮೊಟ್ಟೆಗೆ ಎಷ್ಟು ಮರಿ ಎಂದೂ ಕೇಳಿ. ಗಂಡು ಎಲ್ಲಿಂದ ಬಂತು ಎನ್ನುವುದನ್ನಂತೂ ಬಿಡಲೇಬೇಡಿ. ನಾವು ಕೇಳಿದಾಗ "ಅದೆಲ್ಲ ಬಿಸಿನೆಸ್ ಸೀಕ್ರೆಟ್" ಎಂದರು. ಎರಡನೇ ಬ್ಯಾಚಿಗೆ ಕೊಟ್ಟ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.